ಸೂರತ್‌ನಿಂದ ಬಂದ ಉದ್ಘಾಟಕರು

ಪ್ರಶ್ನೆ ಕೇಳಿದವರು ಉತ್ತರ ಬರುವ ತನಕ ಕಾಯಬೇಕು ಎಂಬುದರ ಮೇಲೆಯೇ ಮನುಷ್ಯ ಸಮಾಜ ನಿಂತಿದೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಪಾಲಿಸುವುದಿಲ್ಲ. ನಾನು ಬರೆದ ಪ್ರೋಗ್ರಾಮ್ ಕೂಡ ಮನೆಯವರನ್ನೇ ಹೋಲಿತು.

ವಿಮಾ ಕಚೇರಿಯಿಂದ ನಿವೃತ್ತನಾಗಿ ವಡೋದರದಲ್ಲೇ ಉಳಿದ ನಾನು ಹೊತ್ತು ಕಳೆಯಲು ರೂಬಿ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದೆ. ಅದೇ ಅಪರಾಧಕ್ಕೆ, ವಡೋದರ, ಸೂರತ್, ಅಹಮದಾಬಾದ್ ಈ ಮೂರು ಊರಿನ ಕನ್ನಡಿಗರ ಕೂಟದ ಆಮಂತ್ರಣ ಪತ್ರಿಕೆಯ ಹೊಣೆ ನನ್ನ ತಲೆಗೆ ಬಂತು. ಉದ್ಘಾಟನೆಗೆ ನಮ್ಮೂರಿನದೇ ಗೋರ್ವಾ ಬಡಾವಣೆಯ ಅಜ್ಜಿಯೊಬ್ಬರನ್ನು ಆರಿಸಿದ್ದೆವು. ಧಾರವಾಡದ ಕಡೆಯವರು, ವರ್ಷವರ್ಷವೂ ಕೂಟಕ್ಕೆ ಹೋಳಿಗೆ ಮಾಡುತ್ತ, ವೇದಿಕೆಯನ್ನು ಅಡುಗೆಮನೆಯ ಬಾಗಿಲಿನಿಂದಷ್ಟೇ ಕಂಡವರು. ಅವರ ಹೆಸರು ಅಚ್ಚಾಗುವುದು ಇದೇ ಮೊದಲು.

ಪತ್ರಿಕೆಗೆಂದು ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮ್ ಬರೆದೆ. ಅದು "ಉದ್ಘಾಟಕರು ಯಾರು?" ಎಂದು ಕೇಳಬೇಕು, ನಾನು ಟೈಪ್ ಮಾಡಬೇಕು, ಆಮೇಲೆ ಅದು ಹಾಡುವವರ ಹೆಸರು ಓದಿಕೊಂಡು ಪತ್ರಿಕೆ ಜೋಡಿಸಬೇಕು. ಮೂರು ದಿನ ಎಲ್ಲವನ್ನೂ ಕೈಯಾರೆ ಟೈಪ್ ಮಾಡಿ ಪರೀಕ್ಷಿಸಿದೆ, ವಿಧೇಯವಾಗಿ ಕಾಯಿತು. ನಾಲ್ಕನೆಯ ದಿನ ಸೂರತ್‌ನ ರೈಲ್ವೆ ನೌಕರರಾದ ಮಿತ್ರರೊಬ್ಬರು ಹಾಡುವವರ ಪಟ್ಟಿಯನ್ನು ಫೈಲಾಗಿ ಕಳಿಸಿದರು. ಸ್ಕ್ರಿಪ್ಟನ್ನು ಓಡಿಸುವ ಕಮಾಂಡಿನಲ್ಲಿ ಅದರ ಹೆಸರಿನ ಪಕ್ಕದಲ್ಲೇ ಫೈಲಿನ ಹೆಸರನ್ನೂ ಕೊಟ್ಟೆ. ಪ್ರಶ್ನೆ ಬಂತು, ನಾನು ಬೆರಳು ಎತ್ತುವಷ್ಟರಲ್ಲಿ ಪತ್ರಿಕೆ ಸಿದ್ಧ! ನಿನ್ನೆ ಹೇಳಿದ್ದನ್ನು ನೆನಪಿಟ್ಟುಕೊಂಡಿದೆ ಎಂದು ಅದರ ಜಾಣತನಕ್ಕೆ ತಲೆದೂಗಿ, ಓದದೆ ನಲವತ್ತು ಪ್ರತಿ ತೆಗೆದು, ಮೊದಲನೆಯದನ್ನು ಗೋರ್ವಾಕ್ಕೆ ಒಯ್ದೆ.

ಅಜ್ಜಿ ಕನ್ನಡಕ ಏರಿಸಿದರು. "ತಮ್ಮಾ, ಉದ್ಘಾಟಕರು ಶ್ರೀ ಗಣೇಶಾಯ ನಮಃ ಅಂತ ಅದ. ಇವ್ರು ಯಾವ ಊರಿಂದ ಬರ್ತಾರ?"

ನೋಡಿದೆ. ನಿಜ. ಸೂರತ್‌ನ ಮಿತ್ರರು ಹಳೆಯ ಕಾಲದವರು; ಆ ಒಂದು ಸಾಲಿಲ್ಲದೆ ಅವರು ದೋಬಿಯ ಚೀಟಿಯನ್ನೂ ಶುರುಮಾಡುವುದಿಲ್ಲ.

"ಸೂರತ್‌ನಿಂದ," ಎಂದೆ.

"ಹಂಗಾರ ಬರ್ಲಿ ಬಿಡು, ದೊಡ್ಡವರು," ಎಂದರು. ಆದರೆ ಬೆರಳು ಆ ಸಾಲನ್ನು ಬಿಡಲಿಲ್ಲ. "ಬಾಜೂ ಮನಿ ಗುಜರಾತಿ ಬೇನ್‌ಗ ನನ್ನ ಹೆಸರು ತೋರಸ್ತೀನಿ ಅಂದಿದ್ದೆ."

ಮನೆಗೆ ಬಂದವನೇ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ಮಗಳಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನಡೆದದ್ದನ್ನು ಹೇಳಿದೆ.

"ಅಪ್ಪಾ, ಫೈಲ್ ಹೆಸರು ಕಮಾಂಡ್ ಜೊತೆಗೇ ಕೊಟ್ರಾ?"

"ಕೊಟ್ಟೆ. ಹಾಗೇ ತಾನೆ ಕೊಡೋದು?"

"ಹಾಗಾದ್ರೆ ಉತ್ತರ ಓದೋಕೆ ನೀವು ಹಾಕಿರೋ ‘ಗೆಟ್ಸ್’ ಅನ್ನೋ ಆಜ್ಞೆ ಕೀಬೋರ್ಡ್ ಕಡೆ ತಿರುಗಿಯೂ ನೋಡಲ್ಲ. ಫೈಲಿನ ಮೊದಲನೇ ಸಾಲನ್ನೇ ಉತ್ತರ ಅಂತ ತಗೊಳ್ಳತ್ತೆ."

"ಮೂರು ದಿನ ಸರಿಯಾಗಿತ್ತಲ್ಲಮ್ಮಾ?"

"ಆಗ ಫೈಲೇ ಕೊಟ್ಟಿರ್ಲಿಲ್ಲ. ಕೈಗೆ ಪೇಪರ್ ಸಿಕ್ಕಿದ್ರೆ ನೀವು ಅಮ್ಮನ ಮಾತು ಕೇಳಿಸ್ಕೋತೀರಾ? ಹಾಗೇ ಅದೂ. ಕೀಬೋರ್ಡಿಂದಲೇ ಓದು ಅಂತ ಬಿಡಿಸಿ ಹೇಳ್ಬೇಕು. ಗೆಟ್ಸ್‌ಗೆ ಮುಂಚೆ ಎಸ್‌ಟಿಡಿಐಎನ್ ಅಂತ ಹಾಕಿ, ಮಧ್ಯೆ ಒಂದು ಚುಕ್ಕೆ."

ಒಳಗಿನಿಂದ ನನ್ನಾಕೆ, "ನಿಮ್ಮಪ್ಪನಿಗೂ ಅದನ್ನೇ ಹಾಕಮ್ಮಾ," ಎಂದಳು.

ಹಾಕಿದೆ, ಸ್ಕ್ರಿಪ್ಟಿಗೆ ಮಾತ್ರ. ಈ ಸಲ ಅದು ಪ್ರಶ್ನೆ ಕೇಳಿ ಕಾಯಿತು. ಅಜ್ಜಿಯ ಹೆಸರನ್ನು ಪ್ರಮಾಣವಚನ ಸ್ವೀಕರಿಸುವವನಂತೆ ಒಂದೊಂದೇ ಅಕ್ಷರವಾಗಿ ಒತ್ತಿದೆ. ಆಗ ಫೈಲಿನ ಮೊದಲ ಸಾಲು ಹಾಡುವವರ ಪಟ್ಟಿಗೆ ಸೇರಿ, ಗಣಪತಿ ಮೊದಲನೆಯ ಗಾಯಕನಾಗಿ ಕಾಣಿಸಿಕೊಂಡ. ಅವನನ್ನು ಅಲ್ಲಿಂದ ಎಬ್ಬಿಸಿ, ಪತ್ರಿಕೆಯ ನೆತ್ತಿಯ ಮೇಲೆ, ಅವನಿಗೆ ರೂಢಿಯಿದ್ದ ಜಾಗದಲ್ಲೇ ಕೂರಿಸಿದೆ.

ಹೊಸ ಪತ್ರಿಕೆ ಕೊಟ್ಟಾಗ ಅಜ್ಜಿ ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಬಾಜೂ ಮನೆಗೆ ನಡೆದರು. ಕನ್ನಡದ ಒಂದಕ್ಷರವೂ ಬಾರದ ಬೇನ್ ಅದನ್ನು ಬಹಳ ಹೊತ್ತು ಓದಿದರು.

ಕೂಟದ ದಿನ ಅಜ್ಜಿ ದೀಪ ಹಚ್ಚಿದರು. ಹೋಳಿಗೆಯನ್ನು ಹೊರಗಿನಿಂದ ತರಿಸಿದೆವು. ಅದು ಅಷ್ಟೇನೂ ಚೆನ್ನಾಗಿರಲಿಲ್ಲ.