ಹಸಿರು ಲೇಸರ್ ಹುಟ್ಟಿಸಿದ ಹರಳು

2023ರ ಚಳಿಗಾಲದಲ್ಲಿ ನಾನು ನ್ಯೂಜೆರ್ಸಿಯ ಪಿಸ್ಕಾಟವೇಯ ಒಂದು ಸಣ್ಣ ಗಾಜಿನ ಕಂಪನಿಯಲ್ಲಿ ಸೀನಿಯರ್ ಸೈಂಟಿಸ್ಟ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ಈಗ ಬಾಯಿ ಮುಚ್ಚಿಕೊಂಡಿರುವುದೇ ಜಾಣತನ ಎಂದು ಹಿತೈಷಿಗಳು ಹೇಳುತ್ತಿದ್ದರು. ನನ್ನದು ಧಾರವಾಡದ ಬಾಯಿ, ಮುಚ್ಚಲಿಲ್ಲ.

ನಾವು ಮಾಡುತ್ತಿದ್ದದ್ದು ಕಿಟಕಿಯ ಗಾಜಲ್ಲ, ಚಾಲ್ಕೊಜೆನೈಡ್ ಗಾಜು. ಆಮ್ಲಜನಕದ ಬದಲು ಗಂಧಕವೋ ಸೆಲೆನಿಯಮ್ಮೋ ಇರುವ ಈ ಗಾಜಿನಲ್ಲಿ ಇನ್‌ಫ್ರಾರೆಡ್ ಕಿರಣ ಸಲೀಸಾಗಿ ಹಾಯುತ್ತದೆ. ಶಾಖವನ್ನು ನೋಡುವ ಕ್ಯಾಮೆರಾಗಳಿಗೆ ಇದರದೇ ಲೆನ್ಸ್ ಬೇಕು. ಜರ್ಮೇನಿಯಂ, ಸೆಲೆನಿಯಂ ಎರಡನ್ನೂ ಗಾಳಿ ತೆಗೆದ ಕೊಳವೆಯಲ್ಲಿ ಕರಗಿಸಿ, ಕುಲುಮೆಯಿಂದ ತೆಗೆದೊಡನೆ ನೀರಿಗೆ ಅದ್ದಬೇಕು. ತಡವಾದರೆ ಪರಮಾಣುಗಳು ಸಾಲುಗಟ್ಟಿ ಹರಳಾಗುತ್ತವೆ, ಲೆನ್ಸ್ ಕೆಡುತ್ತದೆ. ಈ ಕೆಲಸ ಮಂಗಳೂರಿನ ಫ್ಲೇವಿಯಾಳದು. ಅವಳು ಎಚ್-1ಬಿ ವೀಸಾದಲ್ಲಿದ್ದಳು; ಕೆಲಸ ಹೋದರೆ ಅರವತ್ತು ದಿನದೊಳಗೆ ಬೇರೆ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು.

ಗಾಜಿನೊಳಗೆ ಪರಮಾಣುಗಳು ಹೇಗೆ ಕೂತಿವೆ ಎಂದು ತಿಳಿಯಲು ನಮಗಿದ್ದ ದಾರಿ ರಾಮನ್ ಸ್ಕ್ಯಾಟರಿಂಗ್. ಲೇಸರ್ ಬೆಳಕಿನ ಅತಿ ಸಣ್ಣ ಪಾಲು ಪರಮಾಣುಗಳ ಕಂಪನದೊಡನೆ ಶಕ್ತಿ ಬದಲಿಸಿಕೊಂಡು ಬೇರೆ ಬಣ್ಣದಲ್ಲಿ ಹೊರಬರುತ್ತದೆ. ಅದನ್ನು ಗ್ರಾಫ್ ಮಾಡಿದರೆ ಗಾಜಿಗೆ ಅಗಲವಾದ ದಿಬ್ಬಗಳು ಕಾಣುತ್ತವೆ, ಹರಳಿಗೆ ಚೂಪಾದ ಗೆರೆ.

ನಮ್ಮ ಮ್ಯಾನೇಜರ್ ಗ್ರೆಗ್ ಆಗಷ್ಟೇ ಹೊಸದೊಂದು ಹಸಿರು ಲೇಸರ್ ತರಿಸಿದ್ದ. ಮದುವೆಯ ಸೂಟು ತೊಟ್ಟವನ ಹಾಗೆ ಅದರ ಸುತ್ತಲೇ ಓಡಾಡುತ್ತಿದ್ದ. ನಾನು ರಜೆಯಲ್ಲಿದ್ದಾಗ ಫ್ಲೇವಿಯಾಳ ಒಂದು ಬ್ಯಾಚನ್ನು ತಾನೇ ಅಳೆದ. ಗ್ರಾಫಿನ ಅಡ್ಡ ಅಳತೆಯಾದ ವೇವ್‌ನಂಬರ್‌ನಲ್ಲಿ 200 ಮತ್ತು 217ರ ದಿಬ್ಬಗಳ ನಡುವೆ ಚೂಪಾದ ಗೆರೆ ಕಂಡಿತು. ನೀರಿಗೆ ಅದ್ದಲು ತಡ ಮಾಡಿದ್ದರಿಂದ ಹರಳಾಗಿದೆ ಎಂದು ಗ್ರಾಹಕರಿಗೆ ಬರೆದೇಬಿಟ್ಟ, ಫ್ಲೇವಿಯಾಳನ್ನು ಕೆಲಸದಿಂದಲೂ ತೆಗೆದ.

ನಾನು ವಾಪಸ್ ಬಂದಾಗ ಫ್ಲೇವಿಯಾ ಪೆಟ್ಟಿಗೆಗೆ ಸಾಮಾನು ತುಂಬುತ್ತಿದ್ದಳು.

"ಸಾರಿ ಆಂಟಿ, ನನ್ನದೇ ಮಿಸ್ಟೇಕ್ ಇರ್ಬೇಕು. ತಪ್ಪಾಯ್ತು ಅಂತ ಸೈನ್ ಮಾಡಿದ್ರೆ ಒಳ್ಳೆ ರೆಫರೆನ್ಸ್ ಕೊಡ್ತಾರಂತೆ. ಬೇರೆ ಜಾಬ್ ಹುಡುಕ್ಲಿಕ್ಕೆ ಸಿಕ್ಸ್ಟಿ ಡೇಸ್ ಮಾತ್ರ ಉಂಟು."

ನನಗೆ ಮೈಯೆಲ್ಲ ಉರಿಯಿತು. ಅವಳು ಕೊಳವೆ ಅದ್ದುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ.

"ನೀ ಯಾಕ ಸಾರಿ ಕೇಳಾಕತ್ತೀ? ಸೈನ್ ಗೀನ್ ಮಾಡಬ್ಯಾಡ. ಆ ಪೆಟ್ಟಿಗಿ ಇಲ್ಲೇ ಇಡು, ನಡಿ."

ಈ ಗಾಜು ಹಸಿರು ಬೆಳಕನ್ನು ಗಟಗಟ ಹೀರುತ್ತದೆ. ಜೋರಾದ ಲೇಸರ್ ಒಂದೇ ಚುಕ್ಕೆಯ ಮೇಲೆ ನಿಂತರೆ ಅಲ್ಲಿಯ ಗಾಜು ನೋಡುತ್ತಿರುವಾಗಲೇ ಹರಳಾಗಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿಯೂ ಅದೇ ಆಗಿತ್ತು.

ಗ್ರೆಗ್‌ನನ್ನು ಲ್ಯಾಬಿಗೆ ಕರೆದೆ. ರಿಪೋರ್ಟ್ ಹೋಗಿಯಾಗಿದೆ ಎಂದ. ಹೋದದ್ದು ವಾಪಸ್ಸೂ ಬರುತ್ತದೆ, ಕೂರು ಎಂದೆ. ಅದೇ ಬ್ಯಾಚಿನ ತುಂಡನ್ನು ಮೊದಲು ಹಳೆಯ 785 ನ್ಯಾನೋಮೀಟರ್ ಲೇಸರ್‌ನಿಂದ ಅಳೆದೆ. ಆ ಬೆಳಕನ್ನು ಈ ಗಾಜು ಹೆಚ್ಚು ಹೀರುವುದಿಲ್ಲ. ಬರೀ ದಿಬ್ಬಗಳು ಬಂದವು. ಆಮೇಲೆ ಹಸಿರು ಲೇಸರ್, ಪವರ್ ತಗ್ಗಿಸಿ. ಆಗಲೂ ದಿಬ್ಬಗಳೇ. ಕೊನೆಗೆ ಗ್ರೆಗ್ ಇಟ್ಟಿದ್ದಷ್ಟಕ್ಕೇ ಪವರ್ ಏರಿಸಿದೆ. ಪರದೆಯ ಮೇಲೆ ಚೂಪು ಗೆರೆ ನಮ್ಮ ಕಣ್ಣೆದುರೇ ಎದ್ದು ನಿಂತಿತು. ತುಂಡನ್ನು ಕೂದಲೆಳೆಯಷ್ಟು ಸರಿಸಿ ಪವರ್ ತಗ್ಗಿಸಿದೆ. ಗೆರೆ ಮಾಯ.

ಗ್ರೆಗ್ ತಾನೇ ಒಮ್ಮೆ ಪವರ್ ಏರಿಸಿ ಇಳಿಸಿ ನೋಡಿದ. ಆಮೇಲೆ, "ಸರಿ, ಅವಳ ಕೆಲಸ ಉಳಿಯುತ್ತದೆ. ರಿಪೋರ್ಟ್ ಹಿಂತೆಗೆದುಕೊಳ್ಳೋಣ. ಕಾರಣ ಬರೆಯುವುದು ಬೇಡ," ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಬೆಳಗ್ಗೆಯಿಂದ ಎಲ್ಲರಲ್ಲೂ ಸಾರಿ ಕೇಳುತ್ತಿದ್ದ ಫ್ಲೇವಿಯಾ ಇಂಗ್ಲಿಷಿನಲ್ಲಿ, ಸ್ವಲ್ಪವೂ ಧ್ವನಿ ಏರಿಸದೆ, "ತಡ ಮಾಡಿದಳು ಅಂತ ಬರೆದದ್ದು ನೀವು. ಮಾಡಿಲ್ಲ ಅಂತಲೂ ನೀವೇ ಬರೆಯಬೇಕು. ಇಲ್ಲದಿದ್ದರೆ ಈ ಕೆಲಸ ನನಗೆ ಬೇಡ," ಎಂದಳು.

ವೀಸಾದ ಕತ್ತಿ ತಲೆಯ ಮೇಲಿದ್ದವಳ ಮಾತು ಅದು. ನನ್ನ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡಲೂ ಇಲ್ಲ.

ಗ್ರೆಗ್ ಬರೆದ. ನಿವೃತ್ತಿಯ ನಂತರ ನನಗೆ ಕೊಡುವುದಾಗಿ ಹೇಳಿದ್ದ ಕನ್ಸಲ್ಟಿಂಗ್ ಕೆಲಸದ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ನನಗದು ಬೇಕಾಗಿಯೂ ಇರಲಿಲ್ಲ.

ಉಪಕರಣ ತೋರಿಸಿದ್ದು ನಿಜವೇ ಇರಬಹುದು, ಆದರೆ ಅದು ಹಾಗಾಗುವಂತೆ ಮಾಡಿದವರು ಯಾರು ಎಂದು ಕೇಳದೆ ಬಿಡಬಾರದು ಎಂಬುದನ್ನು ನನ್ನ ವೃತ್ತಿ ಕಲಿಸಿತು. ಉಳಿಸಿದ ಕೆಲಸಕ್ಕೆ ಕೈಮುಗಿದು ಸುಮ್ಮನಾಗಬಾರದು, ಹೆಸರನ್ನೂ ವಾಪಸ್ ಕೇಳಬೇಕು ಎಂಬುದನ್ನು ಫ್ಲೇವಿಯಾ ಕಲಿಸಿದಳು.