ಅವ್ವ ಹೊಂಡಕ್ಕೆ ಇಳಿದ ಬೇಸಿಗೆ

ಐವತ್ತರ ದಶಕದ ಕೊನೆಯ ಮಾತು. ನಾನಿನ್ನೂ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗಿ. ಅಪ್ಪನಿಗೆ ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಕೆಲಸ. ಹಳೇ ಊರಿನ ಗುಡಿಯ ಹೊಂಡದ ಪಕ್ಕದ ಓಣಿಯಲ್ಲಿ ನಮ್ಮ ಮನೆ. ನಲ್ಲಿಯಲ್ಲಿ ನೀರು ಬಾರದ ದಿನ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಹೊಂಡದ ಮೆಟ್ಟಿಲು ಇಳಿಯುತ್ತಿದ್ದರು. ನೀರು ತಾಗುವ ಮೆಟ್ಟಿಲುಗಳಲ್ಲಿ ಸದಾ ಪಾಚಿ.

ಆ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಡುಗಿ, ನನ್ನ ಜೊತೆ ಶಾಲೆಗೆ ಬರುತ್ತಿದ್ದವಳು, ಕೊಡ ಮುಳುಗಿಸುವಾಗ ಜಾರಿ ಬಿದ್ದಳು. ಮೆಟ್ಟಿಲ ಮೇಲೆ ಬೇಕಾದಷ್ಟು ಹೆಂಗಸರಿದ್ದರು, ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಗಂಡಸರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹುಡುಗಿಯರು ಇನ್ನು ಹೊಂಡದ ಕಡೆ ಬರಬಾರದು, ದೊಡ್ಡ ಹೆಂಗಸರೇ ನೀರು ತರಬೇಕು ಎಂದು ಗುಡಿಯ ಹಿರಿಯರು ತೀರ್ಮಾನಿಸಿದರು. ಆ ದೊಡ್ಡ ಹೆಂಗಸರು ಜಾರಿದರೆ ಏನು ಗತಿ ಎಂದು ಯಾರೂ ಕೇಳಲಿಲ್ಲ.

ಅವ್ವನ ತವರು ಹೊಳೆದಂಡೆಯ ಕಡರನಾಯಕನಹಳ್ಳಿ. ಅಣ್ಣಂದಿರ ಜೊತೆ ಹೊಳೆಯಲ್ಲಿ ಈಜಿ ಬೆಳೆದವಳು. ಮದುವೆಯಾದ ಮೇಲೆ ನೀರಿಗೆ ಇಳಿದಿರಲಿಲ್ಲ. ಒಂದು ಬೆಳಿಗ್ಗೆ ಸೀರೆಯನ್ನು ಕಚ್ಚೆ ಕಟ್ಟಿ, ನಾನು ತೇಲಲೆಂದು ನನ್ನ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಬಿಗಿದು, ಎಲ್ಲರೂ ನೋಡುತ್ತಿದ್ದಂತೆ ಹೊಂಡಕ್ಕೆ ಇಳಿದೇಬಿಟ್ಟಳು.

"ಹೆದರಬ್ಯಾಡ, ಕಾಲು ಬಡಿ," ಎಂದಳು.

ಹಿರಿಯರಲ್ಲೊಬ್ಬರು ಮೇಲಿನಿಂದ ಕೂಗಿದರು. "ದೇವರ ನೀರಾಗೆ ಹೆಂಗಸರು ಈಜೋದಂದ್ರೆ ಹೆಂಗೆ? ನೀರು ಮೈಲಿಗೆ ಆಗ್ತೈತೆ."

ಅವ್ವ ಕುತ್ತಿಗೆಮಟ್ಟದ ನೀರಿನಲ್ಲೇ ನಿಂತಿದ್ದಳು. "ಆ ಕೂಸಿನ ಹೆಣ ತೆಗೆದಿದ್ದೂ ಇದೇ ನೀರಾಗಿಂದ ಅಲ್ಲೇನ್ರಿ?"

"ನಿನ್ನ ಗಂಡನ್ನ ಕೇಳ್ತೀನಿ."

"ಕೇಳ್ರಿ. ಮನ್ಯಾಗೇ ಅದಾರ."

ಅಪ್ಪನಿಗೆ ಸಿಟ್ಟು ಬಂತು. "ಓಣ್ಯಾಗೆ ತಲೆ ಎತ್ತಿ ತಿರುಗದಂಗೆ ಮಾಡಿದೆ," ಎಂದ. ಅವ್ವ ರೊಟ್ಟಿ ತಟ್ಟುತ್ತಲೇ, "ಪಕ್ಕದ ಮನಿಯಾತ ತಲೆ ಎತ್ತಿ ತಿರುಗ್ತಾನ ಈಗ?" ಎಂದಳು. ಮುಂದಿನ ರಜೆಯ ದಿನ ಅಪ್ಪ ನಮ್ಮ ಹಿಂದೆಯೇ ಬಂದು, ಮೇಲಿನ ಮೆಟ್ಟಿಲಲ್ಲಿ ನಮಗೆ ಬೆನ್ನು ಮಾಡಿ, ಬೀದಿಗೆ ಮುಖ ಮಾಡಿ ಕೂತ. ಹಿರಿಯರು ಬಂದಾಗ, "ನನಗ ಇರಾಕಿ ಒಬ್ಬಳೇ ಮಗಳು ರೀ. ಕಲೀಲಿ ಬಿಡ್ರಿ," ಎಂದಷ್ಟೇ ಹೇಳಿದ.

ಕೆಲವು ದಿನ ಕಳೆದು ಹಿರಿಯರು ಹೊಂಡದ ಬಳಿ ಒಂದು ಹಲಗೆ ನೆಟ್ಟರು. ಅವ್ವನಿಗೆ ಓದು ಬಾರದು. ನನ್ನಿಂದ ಓದಿಸಿದಳು. 'ಹೆಂಗಸರು ಈಜಬಾರದು' ಎಂದಿತ್ತು.

"ಚಂದ ಓದ್ತಿ," ಎಂದಳು. "ನಡಿ, ಇಳಿ."

ನಮ್ಮ ಜೊತೆ ಮೊದಲು ಬಂದವಳು ಸತ್ತ ಹುಡುಗಿಯ ತಾಯಿ. ಕಿರಿಯ ಮಗಳ ಕೈ ಹಿಡಿದುಕೊಂಡು ಬಂದು ಅವ್ವನ ಪಕ್ಕ ನಿಂತಳು. ಅವ್ವ ಆ ಕೂಸನ್ನು ಎತ್ತಿ ನೀರಿಗೆ ಇಳಿಸಿಕೊಂಡಳು. ಆಮೇಲೆ ಓಣಿಯ ಬೇರೆ ಮನೆಗಳ ಹುಡುಗಿಯರೂ ಬಂದರು. ಆ ವರ್ಷದ ಜಾತ್ರೆಯಲ್ಲಿ ಹಿರಿಯರು ಗುಡಿಯ ಪ್ರಸಾದವನ್ನು ನಮ್ಮ ಮನೆಗೆ ಕಳಿಸಲಿಲ್ಲ. ಅವ್ವನೇ ಗೋಧಿ ಹುಗ್ಗಿ ಮಾಡಿದಳು. ನಾವೆಲ್ಲ ಒದ್ದೆ ತಲೆಯಲ್ಲೇ ಮೆಟ್ಟಿಲ ಮೇಲೆ ಕೂತು ಹೊಟ್ಟೆ ತುಂಬ ಉಂಡೆವು.

ಮುಂದೆ ನನ್ನನ್ನು ಹರಿಹರಕ್ಕೆ ಕೊಟ್ಟರು. ಹೊಸದರಲ್ಲೇ ಅತ್ತೆ, "ಹೊಳಿಗೆ ಇಳೀಬ್ಯಾಡವ್ವ, ನೋಡಿದೋರು ಏನಂತಾರ," ಎಂದರು. ಅನ್ನುವವರು ಅಂದರು. ನಾನು ಇಳಿದೆ, ಹುಟ್ಟಿದ ಇಬ್ಬರು ಹೆಣ್ಣುಮಕ್ಕಳನ್ನೂ ಇಳಿಸಿದೆ.