ಸುಟ್ಟ ನೆಲದ ಹಾವಸೆ

೧೯೪೪ರ ಬೇಸಿಗೆಯಲ್ಲಿ ನಾನು ಕುಮಟಾದಲ್ಲಿ ರೇಂಜ್ ಫಾರೆಸ್ಟ್ ಆಫೀಸರ್ ಆಗಿದ್ದೆ. ಯುದ್ಧಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಇದ್ದಿಲಿಗಾಗಿ ರಿಸರ್ವ್ ಕಾಡಿನಲ್ಲಿ ಕದ್ದು ಮರ ಕಡಿದು ಸುಡುವುದು ಹೆಚ್ಚಿತ್ತು. ಕಳ್ಳರನ್ನು ಹಿಡಿಯಿರಿ ಎಂದು ಮೇಲಿನಿಂದ ಒತ್ತಡವೂ ಇತ್ತು.

ಏಪ್ರಿಲ್‌ನಲ್ಲಿ ಗಾರ್ಡ್ ವೆಂಕಟೇಶ, ಗಣಪು ಎಂಬ ಕೂಲಿಯವನನ್ನು ಹಿಡಿದು ತಂದ. ಕಾಡಂಚಿನ ಖಾಸಗಿ ಜಮೀನಿನಲ್ಲಿ ಗಣಪುವಿನ ಗುಡಿಸಲು. ಅಲ್ಲಿಂದ ಕೂಗಳತೆಯಲ್ಲಿ, ರಿಸರ್ವಿನೊಳಗೆ, ಸುಟ್ಟ ನೆಲ. ಹತ್ತಿರದಲ್ಲಿ ಬೇರೆ ಮನೆ ಇರಲಿಲ್ಲ. ಗಾರ್ಡಿಗೆ ಅಷ್ಟು ಸಾಕಾಗಿತ್ತು. ಗಣಪುವನ್ನು ಲಾಕಪ್ಪಿನಲ್ಲಿಟ್ಟರು.

ಮರುದಿನ ಅವನ ಹೆಂಡತಿ ದೇವಿ ಆಫೀಸಿನ ಜಗುಲಿಗೆ ಬಂದಳು.

"ನಾವ್ ಹೊಳನಗದ್ದೆಯಿಂದ ಇಲ್ಲಿಗೆ ಬಂದದ್ದೇ ದೀಪಾವಳಿ ಆದ್ಮೇಲೆ ಒಡಿಯಾ. ಬರೂವಾಗ್ಲೇ ಅಲ್ಲಿ ಕರಿ ಆಗಿತ್ತು."

"ಕಂಡವರು ಯಾರಾದರೂ ಇದ್ದಾರೆಯೇ?"

"ಕಾಡಲ್ಲಿ ನೋಡೂಕೆ ಯಾರಿರ್ತ್ರು?"

ನಾನು ವೆಂಕಟೇಶನನ್ನು ಕರೆದುಕೊಂಡು ಸ್ಥಳಕ್ಕೆ ಹೋದೆ. ಸುಟ್ಟ ಬೊಡ್ಡೆಯೊಂದರ ನೆರಳಿನಲ್ಲಿ, ಮಸಿಯ ಮೇಲೆ, ಒಣಗಿದ ಹಾವಸೆ ಹಾಸಿಕೊಂಡಿತ್ತು. ಅದರಿಂದ ಎದ್ದ ಕಂದು ಕಡ್ಡಿಗಳು ಹುರಿಗೊಂಡು ಬಾಗಿದ್ದವು. ಕಾಲೇಜಿನಲ್ಲಿ ಮೈಕ್ರೊಸ್ಕೋಪಿನ ಕೆಳಗೆ ನೋಡಿದ್ದ ಫ್ಯುನೇರಿಯಾ! ಲೋಕದ ಎಲ್ಲ ಕಡೆ ಬೆಳೆಯುವ ಈ ಹಾವಸೆಗೆ ಬೆಂಕಿ ಬಿದ್ದು ಬರಿದಾದ ನೆಲ ಬಹಳ ಇಷ್ಟ. ಮಳೆ ಬಿದ್ದೊಡನೆ ಬೂದಿಯ ಮೇಲೆ ಹಸಿರು ನೂಲಾಗಿ ಹರಡುತ್ತದೆ. ತಿಂಗಳುಗಟ್ಟಲೆ ತೇವ ಸಿಕ್ಕಿದರೆ ಕಡ್ಡಿ ಎಬ್ಬಿಸಿ, ತುದಿಯ ಪುಟ್ಟ ಕಾಯಿಯಲ್ಲಿ ಬೀಜದಂಥ ಪುಡಿ ತುಂಬಿಕೊಳ್ಳುತ್ತದೆ. ಇಲ್ಲಿನ ಕಾಯಿಗಳೆಲ್ಲ ಬಾಯಿ ಬಿಟ್ಟು ಖಾಲಿಯಾಗಿದ್ದವು.

ಬಾಟಲಿಯಿಂದ ನೀರು ಚಿಮುಕಿಸಿದೆ. ಹುರಿಗೊಂಡ ಕಡ್ಡಿಗಳು ಒಂದೊಂದಾಗಿ ಬಿಚ್ಚಿಕೊಂಡು ತಿರುಗಿದವು. ವೆಂಕಟೇಶ ಕೂತು ನೋಡಿದ.

"ಇದು ಬೆಳೆದು ಕಾಯಿ ಬಿಡಬೇಕಾದರೆ ಒಂದು ಮಳೆಗಾಲ ಬೇಕು," ಎಂದೆ.

"ಪಾಚಿ ಮೊದ್ಲೇ ಇದ್ದು, ಆಮೇಲೆ ಬೆಂಕಿ ಹಾಕಿರ್ಲಕ್ಕಲ್ಲ ಸಾಹೇಬ್ರೆ?"

ಒಳ್ಳೆಯ ಪ್ರಶ್ನೆ. ಹಾವಸೆಯನ್ನು ಚಾಕುವಿನಿಂದ ಎಬ್ಬಿಸಿ ತೋರಿಸಿದೆ. ಅದರ ಎಳೆಗಳು ಇದ್ದಿಲಿನ ಚೂರುಗಳನ್ನೇ ಅಪ್ಪಿಕೊಂಡಿದ್ದವು. ಹಾವಸೆಯ ಒಂದು ಎಲೆಯೂ ಸುಟ್ಟಿರಲಿಲ್ಲ. ಅಂದರೆ ಬೆಂಕಿ ಬಿದ್ದದ್ದು ಹಿಂದಿನ ಮಳೆಗೂ ಮೊದಲು. ನಾನು ಹೊಳನಗದ್ದೆಗೆ ಹೋಗಿ ವಿಚಾರಿಸುವಷ್ಟರಲ್ಲಿ ಒಂದು ವಾರ ಕಳೆಯಿತು. ಬೆಂಕಿ ಬಿದ್ದ ದಿನಗಳಲ್ಲಿ ಗಣಪು ಅಲ್ಲೇ ಗದ್ದೆ ಕೆಲಸಕ್ಕಿದ್ದನೆಂದು ಅಲ್ಲಿನವರು ಹೇಳಿದರು. ಅದೇ ಸಂಜೆ ಕೇಸು ಕೈಬಿಟ್ಟೆ. ಸುಟ್ಟವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಜಮೀನಿನ ಮಾಲೀಕ, ಪೊಲೀಸಿನ ತಂಟೆ ಬೇಡವೆಂದು, ದೇವಿಯನ್ನು ಎಬ್ಬಿಸಿ ಗುಡಿಸಲು ಕೀಳಿಸಿದ್ದ. ನಾನು ಹೋಗಿ ಹೇಳಿದರೂ ಕೇಳಲಿಲ್ಲ. ಅವಳು ತದಡಿಯಲ್ಲಿ ಅಕ್ಕನ ಮನೆ ಸೇರಿ ಮೀನು ಒಣಗಿಸುವ ಕೆಲಸ ಹಿಡಿದಿದ್ದಳು.

ಬಿಡುಗಡೆಯಾಯಿತೆಂದಾಗ ಗಣಪು ಕೈ ಮುಗಿದ. "ಆತು ಒಡಿಯಾ," ಎಂದ. ಗುಡಿಸಲು ಹೋದದ್ದನ್ನೂ ಅವನಿಗೆ ಹೇಳಿದೆ. "ಇನ್ ಹೋಗೂದ್ ಎಲ್ಲಿಗೆ?"

ತದಡಿಯ ದಾರಿ ತೋರಿಸಿದೆ.

ಆಮೇಲೆ ನೌಕರಿ ಮುಗಿಯುವವರೆಗೂ ಬೆಂಕಿಯ ಸುದ್ದಿ ಬಂದರೆ, ಯಾರು ಹಚ್ಚಿದರು ಎನ್ನುವ ಮೊದಲು ಯಾವಾಗ ಬಿತ್ತು ಎಂದು ಕೇಳುತ್ತಿದ್ದೆ. ಅದು ತಿಳಿಯುವ ತನಕ ಯಾರನ್ನೂ ಮನೆಯಿಂದ ಕರೆತರಕೂಡದೆಂದು ಗಾರ್ಡುಗಳಿಗೆ ಹೇಳಿಟ್ಟಿದ್ದೆ.